ದೇಶಕ್ಕೆ 176ನೇ ಸ್ಥಾನ, ಊರಿಗೆ ‘ಉತ್ತಮ’ ಗಾಳಿ: ಯಾವ ಲೆಕ್ಕ ನಂಬಬೇಕು?

ಪ್ರಶ್ನೆ: ನಾವು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ಪರಿಸರದ ವಿಷಯದಲ್ಲಿ 180 ದೇಶಗಳ ಪೈಕಿ ಭಾರತಕ್ಕೆ 176ನೇ ಸ್ಥಾನ ಎಂದು ಓದಿದೆ. ಅದೇ ಫೋನಿನಲ್ಲಿ ಚಿಕ್ಕಮಗಳೂರಿನ ಗಾಳಿ ‘ಉತ್ತಮ’ ಎಂದು ಹಸಿರು ಬಣ್ಣ ಬರುತ್ತದೆ. ಇತ್ತ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಶುರುವಾದರೆ ತೋಟದ ಕೆಳಗಿನ ಹಳ್ಳದ ಹತ್ತಿರ ನಿಲ್ಲಲು ಆಗುವುದಿಲ್ಲ, ಅಷ್ಟು ವಾಸನೆ. ಇಡೀ ಒಂದು ದೇಶದ ಪರಿಸರ ಹೇಗಿದೆ ಎಂದು ಅಳೆಯುವುದು ಹೇಗೆ? ಈ ಮೂರರಲ್ಲಿ ಯಾವುದು ನಿಜ?

ಉತ್ತರ: ಮೂರೂ ನಿಜ. ಒಂದೊಂದೂ ಬೇರೆ ಬೇರೆ ವಿಷಯ ಹೇಳುತ್ತಿದೆ, ಅಷ್ಟೇ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಳ್ಳದ ಮಾತು. ಮೊದಲ ಎರಡಕ್ಕೆ ಅಂಕಿ ಇದೆ. ಹಳ್ಳಕ್ಕೆ ನಿಮ್ಮ ಮೂಗು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಅಲ್ಲಿಗೆ ಆಮೇಲೆ ಬರೋಣ, ಮೊದಲು ಆ 176 ಏನು ಅಂತ ನೋಡೋಣ.

ಇದು ಅಮೆರಿಕದ ಯೇಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳವರು ಎರಡು ವರ್ಷಕ್ಕೊಮ್ಮೆ ಹೊರತರುವ ಪರಿಸರ ಸಾಧನೆಯ ಸೂಚ್ಯಂಕ. ಸುದ್ದಿಗಳಲ್ಲಿ ‘ಇಪಿಐ’ ಎಂದು ಬರುತ್ತದೆ. ನೀವು ಓದಿದ್ದು 2024ರದ್ದು. ಆ ವರ್ಷ ಭಾರತಕ್ಕೆ 100ಕ್ಕೆ 27.6 ಅಂಕ ಬಂತು. ನಮಗಿಂತ ಕೆಳಗೆ ಇದ್ದವು ಮ್ಯಾನ್ಮಾರ್, ಲಾವೋಸ್, ಪಾಕಿಸ್ತಾನ ಮತ್ತು ವಿಯೆಟ್ನಾಂ ಮಾತ್ರ. ಮೊದಲ ಸ್ಥಾನ ಎಸ್ಟೋನಿಯಾಕ್ಕೆ ಹೋಯಿತು. ಅದರ ಹಿಂದಿನ ಸಲ, ಅಂದರೆ 2022ರಲ್ಲಿ, ನಾವು 180ರಲ್ಲಿ 180ನೆಯವರು. ಆಗ ಬಂದ ಅಂಕ 18.9.

ಹಾಗಾದರೆ ಎರಡು ವರ್ಷದಲ್ಲಿ ನಾಲ್ಕು ಮೆಟ್ಟಿಲು ಹತ್ತಿದೆವು ಅಲ್ವಾ? ಹಾಗೆ ಹೇಳಲು ಬರುವುದಿಲ್ಲ. 2022ರಲ್ಲಿ 40 ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. 2024ರಲ್ಲಿ 58. ಯಾವುದಕ್ಕೆ ಎಷ್ಟು ತೂಕ ಎನ್ನುವುದೂ ಬದಲಾಯಿತು. ಒಂದು ಸಲದ ಪಟ್ಟಿಯನ್ನು ಇನ್ನೊಂದು ಸಲದ ಪಟ್ಟಿಯ ಪಕ್ಕ ಇಟ್ಟು ನೋಡಬೇಡಿ ಎಂದು ಅದನ್ನು ಮಾಡುವವರೇ ಹೇಳುತ್ತಾರೆ. ನಮ್ಮ ಸುದ್ದಿ ಚಾನೆಲ್‌ಗಳು ಮಾತ್ರ ಪ್ರತಿ ಸಲವೂ ಅದನ್ನೇ ಮಾಡುತ್ತವೆ.

ಲೆಕ್ಕ ಹೀಗೆ ನಡೆಯುತ್ತದೆ. ಪ್ರತಿ ಸಂಗತಿಗೂ ಒಂದು ಗುರಿ ಇಡುತ್ತಾರೆ. ಆ ಗುರಿ ಮುಟ್ಟಿದ ದೇಶಕ್ಕೆ 100, ತೀರಾ ಕೆಟ್ಟ ಸ್ಥಿತಿಯಲ್ಲಿ ಇರುವುದಕ್ಕೆ 0, ಉಳಿದವು ನಡುವೆ. ಆಮೇಲೆ ಎಲ್ಲವನ್ನೂ ತೂಕ ಹಾಕಿ ಕೂಡಿಸುತ್ತಾರೆ. 2024ರಲ್ಲಿ ಕಾಡು, ಜೀವಜಾತಿ, ಮೀನುಗಾರಿಕೆ, ಕೃಷಿ ಇಂಥವು ಸೇರಿದ ಭಾಗಕ್ಕೆ ಶೇ. 45 ತೂಕ. ಜನರ ಆರೋಗ್ಯಕ್ಕೆ ನೇರವಾಗಿ ತಾಗುವ ಗಾಳಿ, ಕುಡಿಯುವ ನೀರು, ಸೀಸ, ಕಸ ಇವಕ್ಕೆ ಶೇ. 25. ಹವಾಮಾನ ಬದಲಾವಣೆಗೆ ಶೇ. 30. ಈ ತೂಕಗಳು ಎಲ್ಲೋ ಕಾದು ಕುಳಿತಿದ್ದು ಸಿಕ್ಕಿದವಲ್ಲ. ಕೆಲವು ಜನ ಕುಳಿತು ಚರ್ಚೆ ಮಾಡಿ ತೀರ್ಮಾನಿಸಿದ್ದು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಒಟ್ಟು ಶೇಕಡಾ ಮಾತ್ರ ನೋಡಿದರೆ ಹುಡುಗ ಗಣಿತದಲ್ಲಿ ಹಿಂದೆ ಬಿದ್ದನೋ ಹಿಂದಿಯಲ್ಲೋ ತಿಳಿಯುವುದಿಲ್ಲ. ಇದೂ ಹಾಗೇ. ರ‍್ಯಾಂಕ್ ಬಿಟ್ಟು ಒಳಗಿನ ವಿಷಯವಾರು ಅಂಕಗಳನ್ನು ನೋಡಬೇಕು.

ಗಾಳಿ, ನೀರಿನ ಭಾಗದಲ್ಲಿ ಅವರು ಹಲವು ಕಡೆ ಅಳೆಯುವುದು ಗಾಳಿಯನ್ನೂ ಅಲ್ಲ, ನೀರನ್ನೂ ಅಲ್ಲ. ಅವುಗಳಿಂದ ಕಳೆದುಹೋದ ಆಯಸ್ಸನ್ನು. ಒಂದು ಲಕ್ಷ ಜನರಲ್ಲಿ ಕೆಟ್ಟ ಗಾಳಿಯಿಂದ ಬೇಗ ಸತ್ತವರು ಕಳೆದುಕೊಂಡ ವರ್ಷಗಳು ಎಷ್ಟು, ಕಾಯಿಲೆಯಲ್ಲಿ ನರಳಿದ ವರ್ಷಗಳು ಎಷ್ಟು ಎಂದು ಕೂಡಿಸುತ್ತಾರೆ. ದೇಶ ದೇಶಗಳ ನಡುವೆ ವಯಸ್ಸಿನ ವ್ಯತ್ಯಾಸ ಇರುತ್ತದಲ್ಲ, ಅದನ್ನು ಸರಿದೂಗಿಸುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಇದು ಅಂದಾಜಿನ ಮೇಲೆ ನಿಂತ ಲೆಕ್ಕ. ಸಾವಿನ ಕಾರಣವನ್ನು ವೈದ್ಯರು ಸರಿಯಾಗಿ ಬರೆದಿಡುವ ದೇಶಗಳಿಗೆ ಅಂದಾಜು ಗಟ್ಟಿ ಇರುತ್ತದೆ. ನಮ್ಮಲ್ಲಿ ಹಳ್ಳಿಯ ಬಹಳಷ್ಟು ಸಾವಿಗೆ ವೈದ್ಯರು ಬರೆದ ಕಾರಣವೇ ಇರುವುದಿಲ್ಲ.

2022ರಲ್ಲಿ ಕಟ್ಟಕಡೆಯ ಸ್ಥಾನ ಬಂದಾಗ ಕೇಂದ್ರ ಪರಿಸರ ಸಚಿವಾಲಯ ಬಹಿರಂಗವಾಗಿಯೇ ತಕರಾರು ತೆಗೆಯಿತು. ಕಳೆದ ಹತ್ತು ವರ್ಷದ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದು 2050ರಲ್ಲಿ ಭಾರತ ಎಷ್ಟು ಹೊಗೆ ಬಿಡುತ್ತದೆ ಎಂದು ಊಹಿಸಿದ್ದಾರೆ, ಅದಕ್ಕೆ ಭಾರಿ ತೂಕ ಕೊಟ್ಟಿದ್ದಾರೆ, ತಲಾ ಲೆಕ್ಕಕ್ಕೆ ತೂಕ ಕಡಿಮೆ ಮಾಡಿದ್ದಾರೆ ಎನ್ನುವುದು ದೂರು. ಇದರಲ್ಲಿ ನ್ಯಾಯ ಇದೆ. ಭಾರತದ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಮೆರಿಕದವರ ಪಾಲಿಗೆ ಸುಮಾರು 14 ಟನ್. ಆದರೆ ಆ ತಕರಾರು ಗಾಳಿಯ ಅಂಕಕ್ಕೆ ಅನ್ವಯಿಸುವುದಿಲ್ಲ. ಯಾವ ತಕ್ಕಡಿಯಲ್ಲಿ ತೂಗಿದರೂ ಉತ್ತರ ಭಾರತದ ಗಾಳಿ ಕೆಟ್ಟದ್ದೇ. ಐಕ್ಯೂಏರ್ ಎನ್ನುವ ಸ್ವಿಸ್ ಸಂಸ್ಥೆಯ 2024ರ ವರದಿಯಲ್ಲಿ ಭಾರತದ ಸರಾಸರಿ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ದೂಳಿನ ಕಣ, ಒಂದು ಘನ ಮೀಟರಿಗೆ 50.6 ಮೈಕ್ರೋಗ್ರಾಂ. ಜಗತ್ತಿನಲ್ಲಿ ಐದನೇ ಕೆಟ್ಟ ಸ್ಥಾನ.

ಈ ಪಟ್ಟಿಗಳ ಬಗ್ಗೆ ನನ್ನದೂ ಒಂದು ದೂರು ಇದೆ. ಸರಕು ಎಲ್ಲಿ ತಯಾರಾಗುತ್ತದೋ ಮಾಲಿನ್ಯ ಆ ದೇಶದ ಖಾತೆಗೆ. ಅದನ್ನು ಬಳಸುವವರ ಖಾತೆ ಚೊಕ್ಕ. ನಿಮ್ಮ ಬೆಳೆಯನ್ನೇ ನೋಡಿ. ಭಾರತದ ಕಾಫಿಯಲ್ಲಿ ಮೂರನೇ ಎರಡು ಭಾಗಕ್ಕೂ ಜಾಸ್ತಿ ಹೊರದೇಶಕ್ಕೆ ಹೋಗುತ್ತದೆ. ಇಟಲಿಯೇ ದೊಡ್ಡ ಗಿರಾಕಿ. ಕಾಫಿ ಅಲ್ಲಿಗೆ ಹೋಗುತ್ತದೆ, ಪಲ್ಪಿಂಗ್ ನೀರು ಇಲ್ಲೇ ಹಳ್ಳದಲ್ಲಿ ಉಳಿಯುತ್ತದೆ. ಬಳಕೆಯ ಕಡೆಯಿಂದ ಲೆಕ್ಕ ಹಾಕುವ ಇನ್ನೊಂದು ಅಳತೆ ಇದೆ, ಪರಿಸರ ಹೆಜ್ಜೆಗುರುತು ಎನ್ನುತ್ತಾರೆ. ಒಬ್ಬ ಮನುಷ್ಯನ ಊಟ, ಬಟ್ಟೆ, ಓಡಾಟಕ್ಕೆಲ್ಲ ಎಷ್ಟು ಭೂಮಿ ಬೇಕು ಎನ್ನುವ ಲೆಕ್ಕ ಅದು. ಅದರಲ್ಲಿ ಪಟ್ಟಿ ಹೆಚ್ಚುಕಡಿಮೆ ತಲೆಕೆಳಗಾಗುತ್ತದೆ. 2022ರಲ್ಲಿ ಇಪಿಐನ ಮೊದಲ ಸ್ಥಾನದಲ್ಲಿದ್ದ ಡೆನ್ಮಾರ್ಕಿನವರ ತಲಾ ಹೆಜ್ಜೆಗುರುತು ನಮ್ಮದರ ಹಲವು ಪಟ್ಟು.

ಇವೆರಡರ ಜೊತೆ ಇನ್ನೊಂದು ಬಗೆಯ ಪಟ್ಟಿಯೂ ಓಡಾಡುತ್ತದೆ. ವೆಬ್‌ಸೈಟಿಗೆ ಬಂದವರನ್ನು ‘ನಿಮ್ಮ ಊರಲ್ಲಿ ಗಾಳಿ ಹೇಗಿದೆ, ಕಸ ಹೇಗಿದೆ’ ಎಂದು ಕೇಳಿ ಅಂಕ ಕೊಡುವುದು. ಅದು ಜನರ ಬೇಸರದ ಅಳತೆ. ವಾಟ್ಸಾಪಿನಲ್ಲಿ ಬಂದರೆ ಸುಮ್ನೆ ನೋಡಿ ಬಿಟ್ಟುಬಿಡಿ.

ಈಗ ನಿಮ್ಮ ಫೋನಿನ ಹಸಿರು ಬಣ್ಣಕ್ಕೆ ಬರೋಣ. ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯುಐ, ನಮ್ಮಲ್ಲಿ 2015ರಲ್ಲಿ ಜಾರಿಗೆ ಬಂತು. ಎಂಟು ಮಾಲಿನ್ಯಕಾರಕಗಳನ್ನು ನೋಡುತ್ತಾರೆ: ಎರಡು ಗಾತ್ರದ ದೂಳಿನ ಕಣ, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಪ್ರತಿಯೊಂದಕ್ಕೂ ಬೇರೆ ಅಂಕ ಬರುತ್ತದೆ. ಸರಾಸರಿ ಮಾಡುವುದಿಲ್ಲ. ಯಾವುದು ಅತಿ ಕೆಟ್ಟದ್ದೋ ಅದರ ಅಂಕವೇ ಆ ದಿನದ ಎಕ್ಯುಐ. ಇದು ಒಳ್ಳೆಯ ಪದ್ಧತಿ. ಸರಾಸರಿ ಮಾಡಿದ್ದರೆ ಏಳು ಒಳ್ಳೆಯವು ಸೇರಿ ಒಂದು ಕೆಟ್ಟದ್ದನ್ನು ಮುಚ್ಚಿಬಿಡುತ್ತಿದ್ದವು.

ತೊಡಕು ಇರುವುದು ‘ಉತ್ತಮ’ ಎನ್ನುವುದಕ್ಕೆ ಗೆರೆ ಎಲ್ಲಿ ಎಳೆದಿದ್ದಾರೆ ಎನ್ನುವುದರಲ್ಲಿ. ನಮ್ಮ ಲೆಕ್ಕದಲ್ಲಿ ಪಿಎಂ 2.5 ದಿನದ ಸರಾಸರಿ 30 ಮೈಕ್ರೋಗ್ರಾಂ ಇದ್ದರೂ ಎಕ್ಯುಐ 50, ಅಂದರೆ ‘ಉತ್ತಮ’. ಅದೇ 30 ಮೈಕ್ರೋಗ್ರಾಂ ಗಾಳಿಗೆ ಅಮೆರಿಕದ ಈಗಿನ ಲೆಕ್ಕದಲ್ಲಿ ಸುಮಾರು 90 ಬರುತ್ತದೆ. ಬಣ್ಣ ಹಸಿರಲ್ಲ, ಹಳದಿ. ಹೊರದೇಶದ ಕಂಪನಿಗಳ ಆಪ್‌ಗಳಲ್ಲಿ ಬಹಳಷ್ಟು ಅಮೆರಿಕದ ಲೆಕ್ಕ ತೋರಿಸುತ್ತವೆ. ಒಂದೇ ಊರಿಗೆ, ಒಂದೇ ಹೊತ್ತಿಗೆ, ಎರಡು ಆಪ್‌ನಲ್ಲಿ ಎರಡು ಅಂಕಿ ಕಂಡು ಜನ ಗಾಬರಿಯಾಗುವುದು ಇದಕ್ಕೇ. ಹಾಗಾಗಿ ಎಕ್ಯುಐ ಬಿಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಮೈಕ್ರೋಗ್ರಾಂ ನೋಡಿ. ವರ್ಷದ ಸರಾಸರಿಗೆ ಭಾರತದ ಮಿತಿ 40. ಇದು 2009ರಲ್ಲಿ ಮಾಡಿದ್ದು. ವಿಶ್ವ ಆರೋಗ್ಯ ಸಂಸ್ಥೆ ಮೊದಲು 10 ಎನ್ನುತ್ತಿತ್ತು, 2021ರಲ್ಲಿ 5ಕ್ಕೆ ಇಳಿಸಿತು. ನಮ್ಮ ಮಿತಿ ಅವರದಕ್ಕಿಂತ ಎಂಟು ಪಟ್ಟು ಸಡಿಲ. ಚಿಕ್ಕಮಗಳೂರಿನ ಗಾಳಿ ದೆಹಲಿಗೆ ಹೋಲಿಸಿದರೆ ಬಹಳ ಒಳ್ಳೆಯದು, ಅನುಮಾನ ಬೇಡ. ಬಣ್ಣ ಹಸಿರಿದೆ ಎಂಬ ಒಂದೇ ಕಾರಣಕ್ಕೆ ಶ್ವಾಸಕೋಶಕ್ಕೆ ಏನೂ ಆಗುವುದಿಲ್ಲ ಎಂದುಕೊಳ್ಳುವ ಹಾಗಿಲ್ಲ, ಅಷ್ಟೇ ನನ್ನ ಮಾತು.

ಅಳೆಯುವ ಯಂತ್ರ ಎಲ್ಲಿದೆ ಎನ್ನುವುದನ್ನೂ ಕೇಳಿ. ಚಿಕ್ಕಮಗಳೂರಿನದು ಊರೊಳಗೆ, ಕಲ್ಯಾಣನಗರದಲ್ಲಿದೆ. ಆಪ್ ತೆರೆದಾಗ ಮೂಡಿಗೆರೆಗೆ ಬರುವ ಅಂಕಿ ಅಲ್ಲಿಂದ ಎರವಲು ತಂದದ್ದು ಇರಬಹುದು, ಇಲ್ಲವೇ ಕಂಪ್ಯೂಟರ್ ಊಹಿಸಿದ್ದು. ನಿಮ್ಮ ಮನೆಯ ಬಚ್ಚಲೊಲೆಯ ಹೊಗೆ ಅದರಲ್ಲಿ ಸೇರಿಲ್ಲ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಮಳೆಗಾಲದ ಹಸಿ ಸೌದೆ ಹಾಕಿ ಅಡುಗೆ ಮಾಡುವ ಹೆಂಗಸರ ಮುಖಕ್ಕೆ ಹೊಡೆಯುವ ಹೊಗೆಯೂ ಸೇರಿಲ್ಲ. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಒಲೆ ಉರಿಯುವಾಗ ಪಿಎಂ 2.5 ನೂರಾರು ಮೈಕ್ರೋಗ್ರಾಂ ದಾಟುತ್ತದೆ. ಹೊರಗೆ ಹಸಿರು, ಒಳಗೆ ದೆಹಲಿ. ಇದನ್ನು ಹಿಡಿಯುವುದು ಉಪಗ್ರಹವೂ ಅಲ್ಲ, ಸರ್ಕಾರದ ಯಂತ್ರವೂ ಅಲ್ಲ, ಮನೆಮನೆಗೆ ಹೋಗಿ ‘ಅಡುಗೆಗೆ ಏನು ಉರಿಸುತ್ತೀರಿ’ ಎಂದು ಕೇಳುವ ಕುಟುಂಬ ಆರೋಗ್ಯ ಸಮೀಕ್ಷೆ. 2019–21ರ ಸಮೀಕ್ಷೆ ಪ್ರಕಾರ ದೇಶದಲ್ಲಿ ಗ್ಯಾಸ್‌ನಂಥ ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ಶೇ. 58.6. ಉಳಿದವರ ಲೆಕ್ಕ ಇಪಿಐನ ಆರೋಗ್ಯದ ಭಾಗದಲ್ಲಿ ಬರುತ್ತದೆ. ನಮ್ಮ ಅಂಕ ಕೆಳಗೆ ಬೀಳಲು ಇದೂ ಒಂದು ದೊಡ್ಡ ಕಾರಣ. ಈ ವಿಷಯದಲ್ಲಿ ಪಟ್ಟಿಯನ್ನು ಬೈಯಲು ನನಗೆ ಮನಸ್ಸಿಲ್ಲ.

ಯಂತ್ರ ಇಲ್ಲದ ಕಡೆ ಉಪಗ್ರಹ ಕೆಲಸಕ್ಕೆ ಬರುತ್ತದೆ. ನಾಸಾದ ಟೆರಾ, ಆಕ್ವಾ ಉಪಗ್ರಹಗಳು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಗಾಳಿಯಲ್ಲಿನ ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆ ಎಂದು ನೋಡುತ್ತಿವೆ. ಅದರಿಂದ ನೆಲಮಟ್ಟದ ದೂಳನ್ನು ಅಂದಾಜು ಮಾಡುತ್ತಾರೆ. ನಮ್ಮ ಇನ್‌ಸ್ಯಾಟ್ 3ಡಿ ಸರಣಿಯ ಹವಾಮಾನ ಉಪಗ್ರಹಗಳೂ ಇಂಥ ಮಾಹಿತಿ ಕೊಡುತ್ತವೆ. ಅವನ್ನು ನೋಡಿಕೊಳ್ಳುವುದು ನಿಮ್ಮ ಪಕ್ಕದ ಹಾಸನದಲ್ಲೇ ಇರುವ ಇಸ್ರೋ ನಿಯಂತ್ರಣ ಕೇಂದ್ರ. ಸಾಲಗಾಮೆ ರಸ್ತೆಗೆ ಹೋಗುವವರು ಆ ದೊಡ್ಡ ಆಂಟೆನಾಗಳನ್ನು ಟಿವಿ ಚಾನೆಲ್‌ಗೆ ಅಂತ ಅಂದುಕೊಳ್ಳುತ್ತಾರೆ! ಆದರೆ ಉಪಗ್ರಹಕ್ಕೆ ಮೋಡದ ಕೆಳಗೆ ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಭಾಗದಲ್ಲಿ ಆಕಾಶ ತೆರೆಯುವುದೇ ಅಪರೂಪ ಅಲ್ವಾ? ಆ ತಿಂಗಳುಗಳ ಮಾಹಿತಿ ಹೆಚ್ಚಿನಂಶ ಅಂದಾಜಿನಲ್ಲಿ ತುಂಬಿಸಿದ್ದು. ಗಾಳಿಯ ಮಟ್ಟಿಗೆ ಮಳೆಗಾಲ ಶುದ್ಧವೇ, ಅಷ್ಟು ನಷ್ಟವಿಲ್ಲ. ಕಾಡಿನ ವಿಷಯಕ್ಕೆ ಬಂದರೆ ಉಪಗ್ರಹದ ಕಣ್ಣು ಇನ್ನೊಂದು ರೀತಿಯಲ್ಲಿ ಮೋಸ ಹೋಗುತ್ತದೆ.

ಡೆಹ್ರಾಡೂನಿನ ಅರಣ್ಯ ಸರ್ವೇಕ್ಷಣ ಸಂಸ್ಥೆ ಎರಡು ವರ್ಷಕ್ಕೊಮ್ಮೆ ದೇಶದ ಅರಣ್ಯದ ವರದಿ ಮಾಡುತ್ತದೆ. 2023ರ ವರದಿಯಲ್ಲಿ ಅರಣ್ಯ ಹೊದಿಕೆ ದೇಶದ ಶೇ. 21.76. ಇಲ್ಲಿ ಅರಣ್ಯ ಹೊದಿಕೆ ಎಂದರೆ ಏನು ಗೊತ್ತೇ? ಒಂದು ಹೆಕ್ಟೇರ್‌ಗಿಂತ ಕಡಿಮೆಯಿಲ್ಲದ ಜಾಗ, ಅದರ ಮೇಲೆ ಮರದ ನೆರಳು ಶೇ. 10ರಷ್ಟಾದರೂ ಇರಬೇಕು. ಜಾಗ ಯಾರದ್ದು, ಮರ ಯಾವುದು, ಕೆಳಗೆ ಏನು ಬೆಳೆಯುತ್ತಾರೆ, ಇದ್ಯಾವುದೂ ಲೆಕ್ಕವಿಲ್ಲ. ಅಂದರೆ ನಿಮ್ಮ ಕಾಫಿ ತೋಟವೂ ದೇಶದ ಅರಣ್ಯ ಹೊದಿಕೆಯಲ್ಲಿ ಒಂದು ಭಾಗ. ಖುಷಿಪಡಿ! ಆದರೆ ನಿಮ್ಮ ತಾತನ ಕಾಲದ ಅತ್ತಿ, ಬಸರಿ, ಹಲಸು, ಮತ್ತಿ, ಹೊನ್ನೆ ತೆಗೆದು ಸಾಲಾಗಿ ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸಿದರೂ ಉಪಗ್ರಹದ ಲೆಕ್ಕದಲ್ಲಿ ನೆರಳು ನೆರಳೇ. ಕೆಲವು ವರ್ಷ ಕಳೆದರೆ ಮತ್ತೆ ಅದೇ ಹಸಿರು. ಸಿಲ್ವರ್ ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ, ಕಡಿಯಲು ತಲೆಬಿಸಿ ಕಡಿಮೆ, ಬೆಳೆಗಾರರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮಂಗಟ್ಟೆ ಹಕ್ಕಿಗೆ ಬೇಕಾದ ಹಣ್ಣು ಅದರಲ್ಲಿ ಇಲ್ಲ, ಗೂಡಿಗೆ ಬೇಕಾದ ಹಳೆಯ ಪೊಟರೆಯೂ ಇಲ್ಲ. ಶೇಕಡಾ ಲೆಕ್ಕ ಅಲುಗಾಡದೇ ಇರುವಾಗಲೇ ತೋಟದ ಒಳಗಿನ ಕಾಡು ಖಾಲಿಯಾಗಬಹುದು. ಇದನ್ನು ಹಿಡಿಯಲು ಹಕ್ಕಿ ಎಣಿಸುವವರು ಬೇಕು, ನೆಲದ ಮೇಲೆ ನಡೆದು ಮರ ಗುರುತಿಸುವವರು ಬೇಕು.

ಜಿಲ್ಲೆಯ ಸರಾಸರಿಯ ಬಗ್ಗೆಯೂ ಒಂದು ಮಾತು. ಮೂಡಿಗೆರೆಯಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಮಳೆ, ಅದೇ ಜಿಲ್ಲೆಯ ಕಡೂರಿನಲ್ಲಿ 600ರ ಆಸುಪಾಸು. ಅರಸೀಕೆರೆ, ಕಡೂರು ಕಡೆ ಕೊಳವೆಬಾವಿಯಲ್ಲಿ ಫ್ಲೋರೈಡ್ ಚಿಂತೆ, ಮಲೆನಾಡಿನ ಕಡೆ ಬಾವಿಗೆ ಮಳೆಗಾಲದ ಕೊಳೆ ಇಳಿಯುವ ಚಿಂತೆ. ಇವೆರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಯಾರ ಊರಿನ ಕಥೆಯೂ ಬರುವುದಿಲ್ಲ.

ಇನ್ನು ನಿಮ್ಮ ಹಳ್ಳ.

ಇಪಿಐ ಪಟ್ಟಿಯಲ್ಲಿ ನದಿ ನೀರನ್ನು ಬಾಟಲಿಗೆ ತುಂಬಿ ಪರೀಕ್ಷಿಸಿದ ಅಂಕವೇ ಇಲ್ಲ ಎಂದರೆ ನಿಮಗೆ ಆಶ್ಚರ್ಯ ಆಗಬಹುದು. ಕೊಳಚೆ ನೀರಿನಲ್ಲಿ ಎಷ್ಟು ಪಾಲು ಸಂಗ್ರಹವಾಗುತ್ತದೆ, ಎಷ್ಟು ಶುದ್ಧವಾಗುತ್ತದೆ ಎನ್ನುವುದು ಇದೆ. ಅಸುರಕ್ಷಿತ ನೀರು ಕುಡಿದು ಕಳೆದುಹೋದ ಆಯಸ್ಸು ಇದೆ. ನದಿಯ ನೀರು ಇಲ್ಲ. 180 ದೇಶಗಳ ನದಿಗಳನ್ನು ಒಂದೇ ರೀತಿ ಪರೀಕ್ಷಿಸಿದ ಮಾಹಿತಿ ಸಿಗುವುದಿಲ್ಲ, ಅದೇ ಕಾರಣ.

ನಮ್ಮ ದೇಶದೊಳಗೆ ಆ ಕೆಲಸ ಮಾಲಿನ್ಯ ನಿಯಂತ್ರಣ ಮಂಡಳಿಗಳದ್ದು. 1974ರ ಜಲ ಕಾಯ್ದೆ ಬಂದಾಗ ಹುಟ್ಟಿದವು ಅವು. ನದಿಗಳ ಗೊತ್ತಾದ ಜಾಗಗಳಿಂದ ನೀರು ತೆಗೆದು ಎ ಯಿಂದ ಇ ತನಕ ದರ್ಜೆ ಕೊಡುತ್ತಾರೆ. ಎ ಎಂದರೆ ಸೋಂಕು ತೆಗೆದು ಕುಡಿಯಬಹುದಾದ ನೀರು, ಬಿ ಎಂದರೆ ಸ್ನಾನಕ್ಕೆ ಆಗುವ ನೀರು, ಸಿ ಎಂದರೆ ಪೂರ್ತಿ ಶುದ್ಧೀಕರಿಸಿ ಕುಡಿಯಬೇಕಾದ್ದು, ಇ ನೀರಾವರಿಗೆ. ದರ್ಜೆ ತೀರ್ಮಾನಿಸುವ ಮುಖ್ಯ ಅಳತೆಗಳಲ್ಲಿ ಒಂದು ಬಿಒಡಿ. ಇದು ನಿಮ್ಮ ವಾಸನೆಯ ಮೂಲ ಹೇಳುವ ಅಳತೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀರಿನಲ್ಲಿ ಕೊಳೆಯುವ ವಸ್ತು ಇದ್ದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಎಷ್ಟು ಬಳಸುತ್ತವೆ ಎನ್ನುವುದೇ ಬಿಒಡಿ. ಪ್ರಯೋಗಾಲಯದಲ್ಲಿ ನೀರನ್ನು ಬಾಟಲಿಗೆ ತುಂಬಿ ಆಮ್ಲಜನಕ ಅಳೆಯುತ್ತಾರೆ. ಆಮೇಲೆ 27 ಡಿಗ್ರಿ ಶಾಖದಲ್ಲಿ ಮೂರು ದಿನ ಕತ್ತಲಲ್ಲಿ ಇಟ್ಟು ಮತ್ತೆ ಅಳೆಯುತ್ತಾರೆ. ಕಡಿಮೆಯಾದದ್ದು ಬಿಒಡಿ. ಸ್ನಾನಕ್ಕೆ ಆಗುವ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಪೇಟೆಯ ಚರಂಡಿ ನೀರಿನಲ್ಲಿ ಸಾಮಾನ್ಯವಾಗಿ 200–300 ಇರುತ್ತದೆ. ಕಾಫಿ ಪಲ್ಪಿಂಗ್ ನೀರಿನಲ್ಲಿ? ಸಾವಿರಗಳಲ್ಲಿ. ಹಣ್ಣಿನ ಸಿಪ್ಪೆ ಮತ್ತು ಬೀಜದ ಮೇಲಿನ ಲೋಳೆಯಲ್ಲಿ ಸಕ್ಕರೆ ತುಂಬಾ ಇರುತ್ತದೆ. ಅದು ನೀರಿಗೆ ಇಳಿದು ಹುಳಿಯುತ್ತದೆ. ಆಮ್ಲಜನಕ ಖಾಲಿಯಾದ ಮೇಲೆ ಆಮ್ಲಜನಕ ಬೇಡದ ಜೀವಿಗಳು ಕೆಲಸ ಶುರುಮಾಡುತ್ತವೆ. ನಿಮ್ಮ ಮೂಗಿಗೆ ಬಡಿಯುವುದು ಅವು ಬಿಡುವ ಅನಿಲ. ನೀರು ಕಪ್ಪಾಗುವುದೂ ಆಗಲೇ.

ಒಂದು ಲೆಕ್ಕ ಹಾಕೋಣ. ಪಲ್ಪಿಂಗ್ ನೀರಿನ ಬಿಒಡಿ 6000 ಅಂತ ಇಟ್ಟುಕೊಳ್ಳಿ. ಹಳ್ಳದ ನೀರು ಬಹಳ ಚೆನ್ನಾಗಿದೆ, ಬಿಒಡಿ 1. ಒಂದು ಲೀಟರ್ ಪಲ್ಪಿಂಗ್ ನೀರು ಸೇರಿದ ಮೇಲೂ ಹಳ್ಳ 3ರೊಳಗೆ ಇರಬೇಕಾದರೆ ಸುಮಾರು 3000 ಲೀಟರ್ ಹಳ್ಳದ ನೀರು ಬೇಕು. ಆಗಸ್ಟಿನಲ್ಲಾದರೆ ಸಿಗುತ್ತಿತ್ತು. ಅರೇಬಿಕಾ ಪಲ್ಪಿಂಗ್ ನಡೆಯುವುದು ಮಳೆ ನಿಂತ ಮೇಲೆ, ಹಳ್ಳ ಬಡವಾಗುವ ಕಾಲದಲ್ಲಿ. ನಿಮ್ಮೂರಲ್ಲಿ ಜನವರಿಯಲ್ಲಿ ಹಳ್ಳ ಎಷ್ಟು ಹರಿಯುತ್ತದೆ ಎಂದು ನನಗಿಂತ ನಿಮಗೆ ಗೊತ್ತು.

ಹಾಗಾದರೆ ಮಂಡಳಿಯ ಪಟ್ಟಿಯಲ್ಲಿ ಇದು ಯಾಕೆ ಕಾಣುವುದಿಲ್ಲ? ಮಾದರಿ ತೆಗೆಯುವ ಜಾಗಗಳು ಇರುವುದು ಹೇಮಾವತಿ, ಭದ್ರೆಯಂಥ ದೊಡ್ಡ ಹೊಳೆಗಳ ಮೇಲೆ. ನಿಮ್ಮ ಹಳ್ಳ ಅಲ್ಲಿಗೆ ಸೇರುವ ಹೊತ್ತಿಗೆ ಹತ್ತಾರು ಹಳ್ಳ ಕೂಡಿರುತ್ತವೆ, ಕೊಳೆ ತೆಳುವಾಗಿರುತ್ತದೆ. ಎರಡನೆಯದು, ಮಾದರಿ ತೆಗೆಯುವುದು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ, ಅದೂ ಹಗಲು ಹೊತ್ತು. ಪಲ್ಪರ್ ಓಡುವುದು ಹಣ್ಣು ಕೊಯ್ದ ದಿನ ಸಂಜೆ, ತೊಟ್ಟಿ ಖಾಲಿ ಮಾಡುವುದು ರಾತ್ರಿ. ವರ್ಷದ ಸರಾಸರಿ ತೆಗೆದಾಗ ಮಳೆಗಾಲದ ತಿಂಗಳುಗಳು ಸೇರಿ ಅಂಕಿ ಮುದ್ದಾಗಿಬಿಡುತ್ತದೆ.

ಎಷ್ಟು ಸಲ ಅಳೆಯುತ್ತೀರಿ ಎನ್ನುವುದು ಎಷ್ಟು ಮುಖ್ಯ ಅಂತ ನಿಮ್ಮ ಜಿಲ್ಲೆಯೇ ತೋರಿಸಿದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಗೊತ್ತಲ್ಲ? ಗಣಿಯಿಂದ ಭದ್ರೆಗೆ ಎಷ್ಟು ಕೆಸರು ಹೋಗುತ್ತದೆ ಎನ್ನುವುದು ವರ್ಷಗಟ್ಟಲೆ ವಾದವಾಗಿತ್ತು. ಅಲ್ಲಿ ವರ್ಷದ ಕೆಸರಿನ ಬಹುಪಾಲು ಹೋಗುವುದು ಭಾರಿ ಮಳೆ ಬರುವ ಕೆಲವೇ ದಿನಗಳಲ್ಲಿ. ತಿಂಗಳಿಗೊಂದು ಬಾಟಲಿ ತುಂಬಿಕೊಂಡು ಹೋದವರಿಗೆ ನದಿ ತಿಳಿಯಾಗೇ ಕಾಣುತ್ತದೆ. ಮಳೆಯ ನಡುವೆಯೇ ಮೇಲಿಂದ ಮೇಲೆ ನೀರು ತೆಗೆದು ನೋಡಿದ ವಿಜ್ಞಾನಿಗಳಿಗೆ, ಜಲಾನಯನದ ಸಣ್ಣ ಭಾಗವಾಗಿದ್ದ ಗಣಿ ಜಾಗದಿಂದ ಕೆಸರಿನ ದೊಡ್ಡ ಪಾಲು ಬರುತ್ತಿರುವುದು ಗೊತ್ತಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಲು ಹೇಳಿತು. 2005ರ ಕೊನೆಗೆ ಅದು ನಿಂತಿತು. ಕೋರ್ಟಿನ ಮುಂದೆ ರಾಷ್ಟ್ರೀಯ ಉದ್ಯಾನದ ಪ್ರಶ್ನೆ, ಕಾನೂನಿನ ಪ್ರಶ್ನೆ ಎಲ್ಲವೂ ಇತ್ತು, ಹೋರಾಟ ಮಾಡಿದವರ ಶ್ರಮ ಇತ್ತು.

ನೀವು ಏನು ಮಾಡಬಹುದು ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ಮಲೆನಾಡಿನ ತೋಟದವರಿಗೆ ಅಳೆಯುವ ಅಭ್ಯಾಸ ಕಲಿಸಬೇಕಿಲ್ಲ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ ಎಂದು ತಲೆಮಾರುಗಳಿಂದ ಬರೆದಿಟ್ಟವರು ನೀವು. ಸರ್ಕಾರದ ಮಳೆ ಕೇಂದ್ರ ಇಲ್ಲದ ಕಡೆ ಆ ಪುಸ್ತಕಗಳೇ ದಾಖಲೆ. ಅದೇ ಪುಸ್ತಕದಲ್ಲಿ ಹಳ್ಳಕ್ಕೂ ಒಂದು ಕಾಲಂ ಹಾಕಿ.

ಮೊದಲು ಪಲ್ಪಿಂಗ್ ಶುರುವಾಗುವ ಮುಂಚೆ, ನವೆಂಬರ್ ಮೊದಲ ಭಾಗದಲ್ಲಿ, ನೀರು ನೋಡಿ. ಇದು ಬಹಳ ಮುಖ್ಯ, ಜನ ಮರೆಯುವುದೂ ಇದನ್ನೇ. ಮೊದಲು ಹೇಗಿತ್ತು ಎಂದು ಗೊತ್ತಿಲ್ಲದಿದ್ದರೆ ಆಮೇಲೆ ಕೆಟ್ಟಿತು ಎಂದು ತೋರಿಸಲು ಆಗುವುದಿಲ್ಲ. ಪಲ್ಪಿಂಗ್ ನೀರು ಸೇರುವ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು, ಎರಡೂ ಕಡೆ ಒಂದೇ ಹೊತ್ತಿಗೆ ನೋಡಿ. ನೀರು ಎಷ್ಟು ಹುಳಿ ಎಂದು ಬಣ್ಣದಲ್ಲಿ ತೋರಿಸುವ ಪಿಎಚ್ ಪಟ್ಟಿ ಅಗ್ಗ. ಪಲ್ಪಿಂಗ್ ನೀರು ಹುಳಿ, ಪಿಎಚ್ 4ರ ಹತ್ತಿರಕ್ಕೂ ಇಳಿಯುತ್ತದೆ. ಹಳ್ಳದ ನೀರು 7ರ ಆಸುಪಾಸಿನಿಂದ ಕೆಳಗೆ ಜಾರಿದರೆ ಪಟ್ಟಿಯ ಬಣ್ಣದಲ್ಲೇ ಗೊತ್ತಾಗುತ್ತದೆ. ಕರಗಿದ ಆಮ್ಲಜನಕ ನೋಡುವ ಚಿಕ್ಕ ಕಿಟ್ ಕೂಡ ಸಿಗುತ್ತದೆ. ಅದನ್ನು ಬೆಳಗಿನ ಜಾವವೇ ಮಾಡಿ, ಆಮ್ಲಜನಕ ತೀರಾ ಕಡಿಮೆ ಇರುವುದು ಆಗಲೇ. ಹರಿಯುವ ಸ್ವಚ್ಛ ಹಳ್ಳದಲ್ಲಿ ಲೀಟರಿಗೆ 6–7 ಮಿಲಿಗ್ರಾಂ ಇರಬೇಕು. 4ಕ್ಕೆ ಇಳಿದರೆ ಮೀನಿಗೆ ಕಷ್ಟ.

ಗ್ರಾಮ ಪಂಚಾಯಿತಿಯಲ್ಲಿ ಜಲಜೀವನ್ ಮಿಷನ್‌ನಿಂದ ಬಂದ ನೀರು ಪರೀಕ್ಷೆಯ ಕಿಟ್ ಇರುತ್ತದೆ, ಊರಿಗೆ ಐವರು ಹೆಣ್ಣುಮಕ್ಕಳಿಗೆ ಅದರಲ್ಲಿ ತರಬೇತಿ ಕೊಡುವುದು ಆ ಯೋಜನೆಯ ಕ್ರಮ. ಪಿಎಚ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ ಇಂಥವು ಅದರಲ್ಲಿ ನೋಡಬಹುದು. ಕುಡಿಯುವ ಬಾವಿಗೆ ಉಪಯೋಗಿಸಿ. ಬಿಒಡಿ ಅದರಲ್ಲಿ ಬರುವುದಿಲ್ಲ, ತೋಟಕ್ಕೆ ಹೊಡೆದ ಕೀಟನಾಶಕವೂ ಗೊತ್ತಾಗುವುದಿಲ್ಲ. ಕಿಟ್‌ನಲ್ಲಿ ‘ಸರಿ ಇದೆ’ ಎಂದು ಬಂತೆಂದು ಹಳ್ಳದ ನೀರು ಕುಡಿಯಬೇಡಿ.

ಬಿಒಡಿಗೆ ಪ್ರಯೋಗಾಲಯಕ್ಕೇ ಕಳಿಸಬೇಕು. ಬಾಟಲಿಯನ್ನು ಗುಳ್ಳೆ ಉಳಿಯದ ಹಾಗೆ ಕಂಠಪೂರ್ತಿ ತುಂಬಿ, ಐಸ್ ಡಬ್ಬದಲ್ಲಿಟ್ಟು, ಅದೇ ದಿನ ತಲುಪಿಸಿ. ತಡವಾದರೆ ದಾರಿಯಲ್ಲೇ ಸೂಕ್ಷ್ಮಜೀವಿಗಳು ಕೆಲಸ ಮುಗಿಸಿರುತ್ತವೆ, ಅಂಕಿ ಕಡಿಮೆ ಬರುತ್ತದೆ, ತಪ್ಪು ಮಾಡಿದವರು ಬಚಾವ್. ಬಾಟಲಿಯ ಮೇಲೆ ದಿನ, ಗಂಟೆ, ಜಾಗ, ಹಿಂದಿನ ದಿನ ಬಿದ್ದ ಮಳೆ ಬರೆಯಿರಿ. ಅರ್ಜಿಗೆ ಇವು ಬೇಕಾಗುತ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳು ಹಾಸನದಲ್ಲೂ ಇವೆ, ಚಿಕ್ಕಮಗಳೂರಿನಲ್ಲೂ ಇವೆ. ಹೊಳೆ ಹಳ್ಳಕ್ಕೆ ಬಿಡುವ ತ್ಯಾಜ್ಯ ನೀರಿನ ಬಿಒಡಿ ಸಾಮಾನ್ಯವಾಗಿ 30 ದಾಟಬಾರದು ಎಂಬ ನಿಯಮ ಇದೆ. ನಿಮ್ಮ ಅಂಕಿಯನ್ನು ಅದರ ಪಕ್ಕ ಇಡಿ.

ಆದರೆ ಮೊದಲೇ ಅರ್ಜಿ ಹಿಡಿದು ಹೋಗಬೇಡಿ ಎಂದು ನನ್ನ ಸಲಹೆ. ಮೇಲಿನ ತೋಟದವರು ನಾಳೆಯೂ ನಿಮ್ಮ ನೆರೆಯವರೇ. ನಿಮ್ಮದೇ ಪಲ್ಪರ್ ಇದ್ದರೆ ಅದರ ನೀರಿನಿಂದ ಲೆಕ್ಕ ಶುರುಮಾಡಿ, ಇಲ್ಲದಿದ್ದರೆ ನಿಮ್ಮ ಮಾತಿಗೆ ಬೆಲೆ ಬರುವುದಿಲ್ಲ. ಒಂದು ಸೀಸನ್‌ನ ಅಂಕಿಗಳನ್ನು ಬೆಳೆಗಾರರ ಸಂಘದ ಸಭೆಗೆ ಒಯ್ಯಿರಿ. ನೀರು ಕಡಿಮೆ ಬೇಡುವ ಪಲ್ಪರ್‌ಗಳು ಬಂದಿವೆ. ಅದೇ ನೀರನ್ನು ತಿರುಗಿಸಿ ಬಳಸಬಹುದು. ಹುಳಿ ನೀರಿಗೆ ಸುಣ್ಣ ಹಾಕಿ, ತೊಟ್ಟಿಗಳಲ್ಲಿ ನಿಲ್ಲಿಸಿ ಕೊಳೆಯಿಸಿ, ಆಮೇಲೆ ಗಾಳಿ ಆಡಿಸಿ ಶುದ್ಧ ಮಾಡುವ ಕ್ರಮ ಹಳೆಯದೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಅಲ್ಲಿ ಕೇಳಿದರೆ ನಿಮ್ಮ ತೋಟದ ಅಳತೆಗೆ ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂದು ಹೇಳುತ್ತಾರೆ. ಹೋಗುವಾಗ ದಿನಕ್ಕೆ ಎಷ್ಟು ಕೆಜಿ ಹಣ್ಣು ಪಲ್ಪ್ ಆಗುತ್ತದೆ, ಎಷ್ಟು ಲೀಟರ್ ನೀರು ಬಳಸುತ್ತೀರಿ, ಈ ಎರಡು ಅಂಕಿ ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದು ಅದನ್ನೇ.